ಕಡಲ ತಳದ ಐವರು ಮತ್ತು ನಾನು ಹೇಳಿದ ಸುಳ್ಳು

ಮುಳುಗಿದ ಹಳೆಯ ಹಡಗೊಂದನ್ನು ನೋಡಿ ಬರಲು ಟಿಕೆಟ್ಟು ತೆಗೆದುಕೊಂಡು ಸಣ್ಣ ಜಲಾಂತರ್ಗಾಮಿಯೊಂದರಲ್ಲಿ ಸಮುದ್ರದ ತಳಕ್ಕೆ ಇಳಿದ ಐದು ಜನ ಮೇಲೆ ಬಂದಿಲ್ಲ ಎಂಬ ಸುದ್ದಿ ಮೂಡಲಗಿಯ ಚಾದಂಗಡಿಗೆ ಮುಟ್ಟಿದಾಗ ನಾನು ಮಳೆಯ ಚಿಂತೆಯಲ್ಲಿದ್ದೆ. ಮಳೆ ಬರಲಿಲ್ಲವಲ್ಲ ಎಂದಲ್ಲ, ಬಂದರೆ ಏಳನೆಯ ಇಯತ್ತೆಯ ಕೋಣೆ ಸೋರುತ್ತದಲ್ಲ ಎಂದು. ನಾನು ಇಂಥವನೇ. ಗೋಕಾಕದಿಂದ ಮೂಡಲಗಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುವ ಶಾಲಾ ಮಾಸ್ತರ. ಬಸ್ಸು ತಡವಾದರೆ ಇವತ್ತು ಬರುವುದೇ ಇಲ್ಲವೇನೋ ಎಂದು ಚಿಂತೆ, ಹೊತ್ತಿಗೆ ಸರಿಯಾಗಿ ಬಂದರೆ ಡ್ರೈವರ್ ಬಹಳ ಜೋರು ಓಡಿಸುತ್ತಾನೇನೋ ಎಂದು ಚಿಂತೆ.

ಟಿವಿಯ ಮೂಲೆಯಲ್ಲಿ ಒಂದು ಗಡಿಯಾರ ಹಾಕಿದ್ದರು. ಆ ಐವರಿಗೆ ಇನ್ನೆಷ್ಟು ತಾಸು ಉಸಿರಾಡುವಷ್ಟು ಗಾಳಿ ಉಳಿದಿದೆ ಎಂದು ಅಂಕಿ ಇಳಿಯುತ್ತಾ ಹೋಗುತ್ತಿತ್ತು. ಕ್ರಿಕೆಟ್ಟಿನಲ್ಲಿ ಉಳಿದ ಬಾಲು ತೋರಿಸಿದ ಹಾಗೆ. ನಾವು ಚಾ ಕುಡಿಯುತ್ತಾ ನೋಡುತ್ತಿದ್ದೆವು.

“ರೊಕ್ಕಾ ಕೊಟ್ಟು ಸಾಯಾಕ ಹೋಗ್ಯಾರ ನೋಡ್ರಿ,” ಎಂದ ಕಲ್ಲೋಳಿಯಿಂದ ಬರುವ ಗೊಬ್ಬರದ ವ್ಯಾಪಾರಿ. “ನಮ್ಮಲ್ಲಿ ಪುಕ್ಕಟ ಸಾಯ್ತಾರ.”

“ಮುರುಕ ಹಡಗ ನೋಡಾಕ ಅಷ್ಟ ದೂರ ಯಾಕ ಹೋಗಬೇಕಿತ್ತಪಾ? ನಮ್ಮ ಕಾಕಾನ ಹಿತ್ತಲದಾಗ ಮುರುಕ ಟ್ರ್ಯಾಕ್ಟರ್ ಐತಿ. ಚಾ ಕುಡಿಸಿ ತೋರಸ್ತಿದ್ದೆ,” ಎಂದ ಚಾದಂಗಡಿಯವ.

“ಮಾಸ್ತರ, ನೀವ ಹೇಳ್ರಿ. ಅಷ್ಟ ಆಳದಾಗ ಏನಾಗತೈತಿ?” ಎಂದ ವ್ಯಾಪಾರಿ.

ನಾನು ವಿಜ್ಞಾನ ಕಲಿಸುವವನು. ಯಾರಾದರೂ ಕೇಳಿದರೆ ಸುಮ್ಮನಿರಲು ಬರುವುದಿಲ್ಲ. ಮೇಜಿನ ಮೇಲಿದ್ದ ಖಾಲಿ ನೀರಿನ ಬಾಟಲಿ ಎತ್ತಿ, ನೀರಿನ ಭಾರ ಹೀಗೆ ಎಂದು ಮುಷ್ಟಿಯಲ್ಲಿ ಹಿಂಡಿ ತೋರಿಸಿದೆ. ಚರಕ್ಕೆಂದು ಸದ್ದಾಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಹೋದಾಗ ಚಾದಂಗಡಿಯವ ನನಗಾಗಿ ಬೇರೊಂದು ಬಾಟಲಿ ತೆಗೆದಿಟ್ಟಿದ್ದ, ಅದನ್ನೂ ಹಿಂಡಿದೆ. ನನ್ನ ಮಾತು ಕೇಳಲು ಜನ ಸೇರಿದ್ದು ಇಪ್ಪತ್ತು ವರ್ಷದ ನೌಕರಿಯಲ್ಲಿ ಅದೇ ಮೊದಲು.

ಆ ದಿನಗಳಲ್ಲಿ ಸಂಜೆಯಾದರೆ ಹುಕ್ಕೇರಿಯಿಂದ ಅಕ್ಕನ ಫೋನು ಬರುತ್ತಿತ್ತು. ಅಕ್ಕ ಸುದ್ದಿ ನೋಡುವವಳಲ್ಲ, ಟಿವಿ ಹಚ್ಚಿದರೆ ಧಾರಾವಾಹಿ ಮಾತ್ರ. “ಸಿಕ್ರೇನೋ ತಮ್ಮಾ?” ಎಂದು ಕೇಳುವಳು. ಇನ್ನೂ ಇಲ್ಲ ಎನ್ನುತ್ತಿದ್ದೆ. “ಮನ್ಯಾಗಿನ ಹೆಣ್ಮಕ್ಕಳಿಗೆ ಏನ ಹೇಳ್ಯಾರೋ ಏನೋ,” ಎಂದು ಫೋನು ಇಡುವಳು. ಎಲ್ಲರೂ ಹೋದವರ ಮಾತಾಡುತ್ತಿದ್ದಾಗ ಆಕೆಯೊಬ್ಬಳು ದಂಡೆಯ ಮೇಲೆ ಕಾಯುವವರ ಮಾತಾಡುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮಾತು ಬೇರೆ ಕಡೆ ಹೊರಳಿಸುತ್ತಿದ್ದೆ.

ಹನ್ನೆರಡು ವರ್ಷದ ಹಿಂದೆ ಅಕ್ಕನ ಗಂಡ, ನಮ್ಮ ಮಾಮಾ, ಹುಕ್ಕೇರಿಯ ಹೊಲದ ಬಾವಿಯಲ್ಲಿ ತೀರಿಕೊಂಡ. ಕೆಟ್ಟು ಕೂತ ಮೋಟಾರು ಎತ್ತಲು ಇಳಿದಿದ್ದ. ಬಹಳ ದಿನ ಬಿಟ್ಟ ಬಾವಿಗೆ ಇಳಿಯುವ ಮುಂಚೆ ಹೊತ್ತಿಸಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಿಡಬೇಕು, ಆರಿದರೆ ಒಳಗೆ ವಿಷದ ಗಾಳಿ ಇದೆಯೆಂದು ಅರ್ಥ. ಇದನ್ನು ಊರಿಗೆಲ್ಲ ಹೇಳುತ್ತಿದ್ದವನೇ ಮಾಮಾ. ಅವತ್ತು ಕಂದೀಲು ಬಿಡಲಿಲ್ಲ. ಮುಂಜಾನೆ ಎಂಟು ಹೊಡೆಯುವುದರೊಳಗೆ ಎಲ್ಲ ಮುಗಿದಿತ್ತು.

ಅಕ್ಕ ಅವತ್ತು ಕುಲಗೋಡದ ತವರಿನಲ್ಲಿದ್ದಳು, ನಮ್ಮ ಸಣ್ಣ ತಮ್ಮನ ಕೂಸಿನ ತೊಟ್ಟಿಲಿಗೆ ಬಂದಿದ್ದಳು. ಫೋನು ಬಂದದ್ದು ಗೋಕಾಕದಲ್ಲಿದ್ದ ನನಗೆ.

ನಮ್ಮ ಕಡೆ ಸತ್ತವರನ್ನು ಸತ್ತರೆಂದು ಹೇಳುವುದಿಲ್ಲ. ಹೆಂಡತಿಗೆ, ತಾಯಿಗೆ ಅಂತೂ ಇಲ್ಲವೇ ಇಲ್ಲ. ‘ಸೀರಿಯಸ್ ಐತಿ, ಲಗೂನ ಬರ್ರಿ’ ಎನ್ನಬೇಕು. ಮನೆ ಮುಟ್ಟಿ, ಅಂಗಳದಲ್ಲಿ ಕೂತ ಜನರನ್ನು ನೋಡಿ ಅವರೇ ತಿಳಿದುಕೊಳ್ಳಬೇಕು. ದಾರಿಯಲ್ಲಿ ಎದೆ ಒಡೆದುಕೊಂಡರೆ ಯಾರು ಹಿಡಿಯುವವರು ಎಂಬ ಕಾಳಜಿ. ನಮ್ಮ ಮನೆತನದಲ್ಲಿ ಈ ಕೆಲಸಕ್ಕೆ ಯಾವಾಗಲೂ ನನ್ನನ್ನೇ ಹಚ್ಚುತ್ತಿದ್ದರು. ಹಾಲು ಒಡೆಯಿತು ಎನ್ನುವಾಗಲೂ ನನ್ನ ದನಿ ಯಾರೋ ಹೋದ ಹಾಗೇ ಇರುತ್ತದೆ. ಹಾಗಾಗಿ ನಿಜವಾಗಿ ಯಾರಾದರೂ ಹೋದಾಗ ಕೇಳುವವರಿಗೆ ಫರಕು ತಿಳಿಯುವುದಿಲ್ಲ.

ಬಾಡಿಗೆ ಜೀಪು ಮಾಡಿಕೊಂಡು ಕುಲಗೋಡಕ್ಕೆ ಹೋದೆ. ಮಾಮಾ ಬಾವಿಯಲ್ಲಿ ಬಿದ್ದಿದ್ದಾನೆ, ಸೀರಿಯಸ್ ಐತಿ ಎಂದೆ. ಅಕ್ಕ ಉಟ್ಟ ಸೀರೆಯಲ್ಲೇ ಹೊರಟಳು. ಗೋಕಾಕದ ಪ್ಯಾಟಿ ಬಂದಾಗ ಗಾಡಿ ನಿಲ್ಲಿಸಿದಳು. “ದವಾಖಾನಿಗಿ ಬರೇಗೈಲೆ ಹೆಂಗ ಹೋಗೂದು? ಮೋಸಂಬಿ ತಗೋ. ಚೊಲೋ ನೋಡಿ ಆರಸ ತಮ್ಮಾ, ಹುಳಿ ಇದ್ರ ಮುಟ್ಟೂದಿಲ್ಲ ಅವರು.”

ನಾನು ಆರಿಸಿದೆ. ಒಂದೊಂದನ್ನೂ ಒತ್ತಿ ನೋಡಿ, ಮೂಸಿ, ಎರಡನ್ನು ವಾಪಸು ಇಟ್ಟು ಬೇರೆ ತೆಗೆದುಕೊಂಡೆ. ಸತ್ತ ಮನುಷ್ಯನಿಗೆ ಹಣ್ಣು ಆರಿಸುವಾಗಲೂ ಹುಳಿ ಇರಬಹುದೇನೋ ಎಂದು ಚಿಂತೆ ಮಾಡಿದವನು ನಾನೊಬ್ಬನೇ ಇರಬೇಕು. ಆಮೇಲೆ, ಮಣ್ಣು ಆಗುವ ತನಕ ಆಕೆಯ ಬಾಯಿಗೆ ಏನೂ ಬೀಳುವುದಿಲ್ಲವೆಂದು ನೆನಪಾಗಿ, ಬೇಡ ಬೇಡವೆಂದರೂ ಹೋಟೆಲ್ಲಿನಲ್ಲಿ ಕೂರಿಸಿ ಎರಡು ಇಡ್ಲಿ ತಿನ್ನಿಸಿದೆ. ಹೀಗೆ ಅರ್ಧ ತಾಸು ಹೋಯಿತು.

ಹುಕ್ಕೇರಿ ಮುಟ್ಟಿದಾಗ ಹಿರಿಯರೊಬ್ಬರು ಆಕೆಯ ಕೈ ಹಿಡಿದು, “ಈಗ ಸ್ವಲ್ಪ ಹೊತ್ತಾತವ್ವಾ. ನಿನ್ನ ಹಾದೀನ ನೋಡ್ಕೋತ ಹೋದ,” ಎಂದರು. ಅದೂ ರೂಢಿಯ ಮಾತೇ. ಮೈ ತಣ್ಣಗೈತಲ್ಲ ಎಂದಳು. ಬಾವಿ ನೀರು ನೋಡವಾ ಎಂದರು. ನಾನು ಮೋಸಂಬಿಯ ಚೀಲ ಹಿಡಿದು ನಿಂತಿದ್ದೆ, ಅದನ್ನು ಎಲ್ಲಿ ಇಡಬೇಕೋ ತಿಳಿಯದೆ.

ಇತ್ತ ನಾಲ್ಕನೆಯ ದಿನ ಸಮುದ್ರದ ತಳದಲ್ಲಿ ಆ ಜಲಾಂತರ್ಗಾಮಿಯ ಚೂರುಗಳು ಸಿಕ್ಕವು. ಐವರೂ ಇಲ್ಲವೆಂದರು. ಅದರ ಹಿಂದೆಯೇ ಇನ್ನೊಂದು ಸುದ್ದಿ: ಇಳಿದ ದಿನವೇ ಒಡೆದ ಸದ್ದೊಂದು ಅಲ್ಲಿಯ ನೌಕಾಪಡೆಯವರ ಯಂತ್ರಕ್ಕೆ ಕೇಳಿಸಿತ್ತಂತೆ.

“ಅಂದ್ರ ಮೊದಲ ಗೊತ್ತಿತ್ತು?” ಎಂದ ಗೊಬ್ಬರದ ವ್ಯಾಪಾರಿ, ಯಾರೋ ತನಗೇ ಮೋಸ ಮಾಡಿದ ಹಾಗೆ. “ಗೊತ್ತಿದ್ದೂ ನಾಕ ದಿನಾ ಆ ಗಡಿಯಾರ ಯಾಕ ತಿರಿಗಿಸಿದ್ರಪಾ?”

“ಹೆಂಗ ಹೇಳ್ತಾರೋ ಮಾರಾಯಾ, ಒಮ್ಮೆಕ್ಲೇ?” ಎಂದ ಚಾದಂಗಡಿಯವ. ಬಾಟಲಿ ಹಿಂಡ್ರಿ ಎಂದು ಅವತ್ತು ಯಾರೂ ಅನ್ನಲಿಲ್ಲ. ಮರುದಿನದಿಂದ ಟಿವಿಯಲ್ಲಿ ಟೊಮೆಟೊ ದರ ಶುರುವಾಯಿತು. ಎಲ್ಲರ ಸಿಟ್ಟೂ ಅತ್ತ ಹೋಯಿತು.

ಚೂರು ಸಿಕ್ಕ ದಿನ ಸಂಜೆ ಅಕ್ಕನ ಫೋನು ಬರಲಿಲ್ಲ, ಮರುದಿನವೂ ಇಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಭಾನುವಾರ ಮುಂಜಾನೆಯ ಬಸ್ಸಿಗೆ ಹುಕ್ಕೇರಿಗೆ ಹೋದೆ. ದಾರಿಯುದ್ದಕ್ಕೂ ಆಕೆಗೆ ಏನಾಗಿರಬಹುದೆಂದು ಒಂದಾದ ಮೇಲೊಂದು ರೋಗ ಎಣಿಸಿದೆ. ಯಾವ ಪ್ರಶ್ನೆ ಕಾಯುತ್ತಿದೆ ಎಂಬುದೊಂದನ್ನು ಬಿಟ್ಟು.

ಅಕ್ಕ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಾ ಕೂತಿದ್ದಳು. ಬಾ ಎನ್ನಲಿಲ್ಲ. ನೀರೂ ಕೊಡಲಿಲ್ಲ.

“ಓಣ್ಯಾಗ ಹೇಳಾಕತ್ತಿದ್ರು, ಅವರಿಗೆ ಮೊದಲ ಗೊತ್ತಿತ್ತಂತಲ್ಲೋ,” ಎಂದಳು.

“ಹೂಂ. ಸದ್ದು ಕೇಳಿತ್ತಂತ.”

“ನಿನಗ?”

“ನನಗೇನಕ್ಕಾ?”

“ಸಾಲಿ ಹುಡುಗ್ರಂಗ ಮಾಡಬ್ಯಾಡ. ಅವತ್ತ ಕುಲಗೋಡಕ್ಕ ಬಂದಾಗ ನಿನಗ ಗೊತ್ತಿತ್ತೋ ಇಲ್ಲೋ?”

ಸುಳ್ಳು ಹೇಳಲು ನನಗೆ ಇನ್ನೂ ಆಸೆಯಿತ್ತು. ರೂಢಿಯೂ ಇತ್ತು. ಆದರೆ ದಣಿದಿದ್ದೆ. ಹನ್ನೆರಡು ವರ್ಷ ಆಕೆಯ ಮುಂದೆ ಆ ದಿನದ ಮಾತು ಬಾರದ ಹಾಗೆ ಕಾದು ಕಾದು ದಣಿದಿದ್ದೆ.

“ಗೊತ್ತಿತ್ತು,” ಎಂದೆ.

ಅಕ್ಕ ಇನ್ನೊಂದು ಶೇಂಗಾ ಒಡೆದಳು. ಕಾಳು ಮೊರದೊಳಗೆ, ಸಿಪ್ಪೆ ಬುಟ್ಟಿಯೊಳಗೆ.

“ಹಾದೀ ನೋಡ್ಕೋತ ಹೋದ ಅಂದ್ರಲ್ಲೋ ಎಲ್ಲಾರೂ. ಹಣ್ಣಿಗಿ ನಿಂದ್ರಸಿದಾಕಿ ನಾನು. ಇಡ್ಲಿ ತಿಂದಾಕಿ ನಾನು. ಆ ಅರ್ಧಾ ತಾಸು ನಾ ನಿಂದ್ರಸಲಿಲ್ಲಂದ್ರ ಜೀವ ಇದ್ದಾಗ ಮಾರಿ ನೋಡ್ತಿದ್ನಿ ಅಂತ… ಒಂದ ದಿನಾ ಬಿಟ್ಟಿಲ್ಲೋ ತಮ್ಮಾ, ದಿನಾ ಲೆಕ್ಕಾ ಹಾಕೇನಿ. ಇಲ್ಲಿ ಒಂದ ಹತ್ತ ಮಿನಿಟು, ಅಲ್ಲಿ ಒಂದ ಹತ್ತ ಮಿನಿಟು.”

ನನಗೆ ಗೊತ್ತಿರಲಿಲ್ಲ. ಜಗತ್ತಿನ ಎಲ್ಲ ಸಂಗತಿಗೂ ಚಿಂತೆ ಮಾಡಿದ ನಾನು ಇದೊಂದಕ್ಕೆ ಮಾಡಿರಲಿಲ್ಲ. ಆಕೆಯ ಎದೆ ಒಡೆಯಬಾರದೆಂದು ಹೇಳಿದ ಮಾತನ್ನು ಆಕೆ ಹನ್ನೆರಡು ವರ್ಷ ತನ್ನ ತಪ್ಪೆಂದು ಹೊತ್ತುಕೊಂಡು ಕೂತಿದ್ದಳು.

“ಗೊತ್ತಿದ್ದೂ ಹಣ್ಣ ಹೆಂಗ ಆರಿಸಿದ್ಯೋ ಮೂಳಾ?”

“ನೀ ನೋಡಾಕತ್ತಿದ್ಯಲ್ಲಕ್ಕಾ.”

ಆಕೆ ಮೊರ ಪಕ್ಕಕ್ಕೆ ಸರಿಸಿ, ಸೆರಗು ಸರಿ ಮಾಡಿಕೊಂಡು, ನನ್ನೆದುರಿಗೆ ತಿರುಗಿ ಕೂತಳು.

“ಈಗ ಹೇಳು.”

“ಏನ ಹೇಳಲಿ?”

“ಅವತ್ತ ಹೆಂಗ ಹೇಳಬೇಕಾಗಿತ್ತೋ ಹಂಗ ಹೇಳು. ಸೀರಿಯಸ್ ಗೀರಿಯಸ್ ಅನಬ್ಯಾಡ.”

ಎರಡು ಸಲ ಕೆಮ್ಮಿದೆ.

“ಅಕ್ಕಾ, ಮಾಮಾ ಹ್ವಾದ.”

“ಎಷ್ಟೊತ್ತಿಗೆ?”

“ಮುಂಜಾನಿ. ಎಂಟರೊಳಗ. ಬಾವ್ಯಾಗ.”

“ಎಂಟರೊಳಗ,” ಎಂದಳು. “ಆವಾಗ ನಾ ಅವ್ವನ ಮನ್ಯಾಗ ಕೂಸಿಗೆ ನೀರ ಎರಿಯಾಕತ್ತಿದ್ನಿ. ನೀ ಇನ್ನೂ ಬಂದಿದ್ದೇ ಇಲ್ಲ.”

“ಇಲ್ಲ.”

“ಹಂಗಾರ ನಾ ತಡಾ ಮಾಡಲಿಲ್ಲ.”

“ಇಲ್ಲಕ್ಕಾ. ಮಾಡಲಿಲ್ಲ.”

ಅತ್ತಳೇ ಎಂದರೆ, ಅಷ್ಟೇನೂ ಇಲ್ಲ. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. “ನಿನ್ನ ಮ್ಯಾಲ ಸಿಟ್ಟ ಐತಿ ನನಗ, ಅದು ಲಗೂ ಹೋಗೂದಿಲ್ಲ. ರೊಟ್ಟಿ ಡಬ್ಬ್ಯಾಗ ಅದಾವು, ಚಟ್ನಿ ಹಚ್ಚಿಕೊಂಡು ತಿನ್ನು,” ಎಂದು ಅಲ್ಲೇ ಚಾಪೆಯ ಮೇಲೆ ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು. ನಡು ಹಗಲಿನಲ್ಲಿ ಅಕ್ಕ ಮಲಗಿದ್ದನ್ನು ನಾನು ಯಾವತ್ತೂ ನೋಡಿದ್ದಿಲ್ಲ. ಸ್ವಲ್ಪ ಹೊತ್ತಿಗೇ ಗೊರಕೆ ಬಂತು.

ಹನ್ನೆರಡೂವರೆಯ ಬಸ್ಸು ಹೋಯಿತು, ಎರಡರದೂ ಹೋಯಿತು. ಎಬ್ಬಿಸುವ ಧೈರ್ಯವಾಗಲಿಲ್ಲ, ಹೇಳದೇ ಹೋಗುವ ಧೈರ್ಯವೂ ಆಗಲಿಲ್ಲ. ಉಳಿದ ಶೇಂಗಾವನ್ನೆಲ್ಲ ಸದ್ದಾಗದಂತೆ ಒಂದೊಂದಾಗಿ ಒಡೆಯುತ್ತಾ ಕೂತೆ.