ಬೀಬಿಜಾನಜ್ಜಿ ಕದ್ದು ನೆಟ್ಟ ಸಸಿ

ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ, ನೆರೆಮನೆಯ ಬೀಬಿಜಾನಜ್ಜಿ ನನ್ನ ಹೂವಿನ ಮಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಸಸಿ ನೆಡುತ್ತಿದ್ದರು. ನನ್ನನ್ನು ಕಂಡೊಡನೆ ಉಳಿದ ಸಸಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಸವಣೂರಿನಲ್ಲಿದ್ದೆವು. ದಸರೆ ಮುಗಿದ ಮೇಲೆ ನಾನು ಚೆಂಡು ಹೂವಿನ ಬೀಜ ಹಾಕಿದಾಗ, "ಭಾಳ ತಡಾ ಆತವ್ವ, ಹುಟ್ಟಂಗಿಲ್ಲ" ಎಂದು ನಕ್ಕವರೂ ಇವರೇ. ಮೂರು ವಾರ ನೀರು ಹಾಕಿದರೂ ಒಂದೂ ಮೊಳೆತಿರಲಿಲ್ಲ.

"ಏನಿದು, ಅಜ್ಜಿ?" ಎಂದೆ.

"ನಿನ್ನ ಬೀಜ ಎಲ್ಲಾ ಅವತ್ತ ನನ್ನ ಕೋಳಿ ಕೆದರಿ ತಿಂದ್ವು. ನೀ ದಿನಾ ಬರೇ ಮಣ್ಣಿಗೆ ನೀರು ಹಾಕೂದು ನೋಡಾಕ ಆಗವಲ್ತು" ಎಂದು ತಲೆ ತಗ್ಗಿಸಿದರು.

"ಆದ್ರ ಇವು ಮೆಣಸಿನ ಗಿಡ ಅಲ್ಲೇನ್ರಿ?"

"ಹೂವಿನ ಸಸಿ ಸಿಗಲಿಲ್ಲ. ನೀ ಓದಿದಾಕಿ, ನಿನಗ ಗುರ್ತು ಹತ್ತಂಗಿಲ್ಲ ಅಂದ್ಕೊಂಡಿದ್ದೆ."

ನಕ್ಕು ನಕ್ಕು ಸಾಕಾಗಿ, ಉಳಿದವನ್ನು ಇಬ್ಬರೂ ಕೂಡಿಯೇ ನೆಟ್ಟೆವು.

ಹೂವಿನ ಬೀಜ ಬಿತ್ತಿ ಮೆಣಸಿನಕಾಯಿ ಬೆಳೆದ ಸೊಸೆಯೆಂದು ಅತ್ತೆಯವರು ಬಂದವರಿಗೆಲ್ಲ ವರ್ಷಗಟ್ಟಲೆ ಹೇಳಿ ನಗುತ್ತಿದ್ದರು. ಅಜ್ಜಿಯ ಮರ್ಯಾದೆಗಾಗಿ ನಾನು ಬಾಯಿ ಬಿಡಲೇ ಇಲ್ಲ. ಅಜ್ಜಿಯೂ ಎದುರಿಗೆ ಕುಳಿತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.