ಮೂರನೇ ಡೆಕ್ಕಿನ ಗುಂಡು ಕಿಟಕಿ

ಆಫ್ತಾಬನಿಗೆ ಹಡಗಿನ ಟಿಕೆಟ್ ಸಿಕ್ಕಿದ್ದು ಎಲ್ಲಿಗೂ ಹೋಗದೆ ಇದ್ದದ್ದಕ್ಕೆ. ಬಿಡದಿಯ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಪ್ರೆಸ್ ಮೆಷಿನ್ ಮುಂದೆ ನಿಲ್ಲುವ ಆಪರೇಟರ್. ಎರಡು ವರ್ಷ ಒಂದು ದಿನವೂ ರಜೆ ಹಾಕದವರಿಗೆ ಈ ಸಲ ಗೋಡೆ ಗಡಿಯಾರ, ಕುಕ್ಕರ್ ಬಿಟ್ಟು ಹೊಸದೇನಾದರೂ ಕೊಡೋಣ ಎಂದು ಆಡಳಿತದವರಿಗೆ ತೋಚಿತ್ತು. ಮುಂಬೈಯಿಂದ ಹೊರಟು ಗೋವಾ ಮುಟ್ಟಿ ವಾಪಸು ಬರುವ ಕ್ರೂಸ್ ಪ್ರಯಾಣ, ಇಬ್ಬರಿಗೆ. ವೇದಿಕೆಯ ಮೇಲೆ ಅವನ ಶ್ರದ್ಧೆಯನ್ನು ಹೊಗಳುತ್ತಿದ್ದಾಗ ಅವನು ತಲೆ ತಗ್ಗಿಸಿ ನಿಂತಿದ್ದ. ಎಷ್ಟು ವಿನಯ ಅಂದರು. ನಿಜ ಹೇಳಬೇಕೆಂದರೆ ಅದು ನಿದ್ದೆ. ರಜೆ ಹಾಕಿ ಮನೆಯಲ್ಲಿ ಕೂತರೆ ಅಮ್ಮಿ ಹುಷಾರಿಲ್ಲವೇನೋ ಎಂದು ಗಂಟೆಗೊಮ್ಮೆ ಹಣೆ ಮುಟ್ಟಿ ನೋಡುತ್ತಾಳೆ, ಅದಕ್ಕಿಂತ ಕಾರ್ಖಾನೆಯೇ ವಾಸಿ ಎಂಬ ಒಳಗಿನ ಕಾರಣವನ್ನು ಆ ಹೊತ್ತಿನಲ್ಲಿ ಮೈಕಿನ ಮುಂದೆ ಹೇಳುವುದು ಚೆನ್ನಾಗಿರುತ್ತಿರಲಿಲ್ಲ.

ಜೊತೆಗೆ ಒಂದು ಫಾರಂ ಕೊಟ್ಟರು. ‘ಜೊತೆಯಲ್ಲಿ ಬರುವವರ ಹೆಸರು’ ಎಂಬ ಕಡೆ ಅವನ ಪೆನ್ನು ನಿಂತಿತು. ವಯಸ್ಸು ಇಪ್ಪತ್ತೊಂಬತ್ತು, ಮದುವೆಯಿಲ್ಲ. ಒಂದು ಸಂಬಂಧ ಮಾತುಕತೆಯವರೆಗೂ ಬಂದಿತ್ತು. ಹುಡುಗಿಯ ಮನೆಯವರು ಶರಬತ್ತು ತಂದಿಟ್ಟು ನೋಡಿದಾಗ ಹುಡುಗ ಸೋಫಾದ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು. ಹೆಸರು ಬರೆಯದೆ ಬಿಟ್ಟರೆ, ಒಬ್ಬರೇ ಬರುತ್ತಿರುವ ಸೂಪರ್‌ವೈಸರ್ ನಜೀರ್ ಸಾಹೇಬರ ಜೊತೆ ಒಂದೇ ಕೋಣೆಗೆ ಹಾಕುತ್ತಾರಂತೆ. ನಜೀರ್ ಸಾಹೇಬರು ಊಟದ ತಟ್ಟೆಯ ಮುಂದೆಯೂ ಟಾರ್ಗೆಟ್ ಮಾತಾಡುವವರು. ಅವರೊಡನೆ ಸಮುದ್ರದ ನಡುವೆ ಮೂರು ದಿನ ಎಂದರೆ ಅದು ಬಹುಮಾನವಲ್ಲ, ಓವರ್‌ಟೈಮ್.

ಆದರೆ ಆಫ್ತಾಬ್ ಅಮ್ಮಿಯ ಹೆಸರು ಬರೆಯಬೇಕೆಂದುಕೊಂಡದ್ದು ನಜೀರ್ ಸಾಹೇಬರಿಂದ ತಪ್ಪಿಸಿಕೊಳ್ಳಲು ಮಾತ್ರವಲ್ಲ.

ಅಮ್ಮಿ ಕರೀಮುನ್ನೀಸಾಗೆ ಐವತ್ತೆಂಟು. ಹುಟ್ಟಿದ್ದು ಚನ್ನಪಟ್ಟಣ, ಮದುವೆಯಾಗಿ ಬಂದದ್ದು ರಾಮನಗರ; ಹೆಚ್ಚುಕಮ್ಮಿ ಆ ಹತ್ತು ಹನ್ನೆರಡು ಕಿಲೋಮೀಟರಿನೊಳಗೇ ಅವಳ ಜೀವನ. ಬಂದ ಮೂರನೇ ತಿಂಗಳಿಗೆ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಸೇರಿದಳು. ಕುದಿಯುವ ನೀರಿಗೆ ರೇಷ್ಮೆಗೂಡು ಸುರಿಯುವುದು, ಮೆತ್ತಗಾದ ಗೂಡಿನಲ್ಲಿ ಎಳೆಯ ತುದಿ ಹುಡುಕುವುದು, ಹಿಡಿದು ರಾಟೆಗೆ ಕೊಡುವುದು. ಮೂವತ್ತನಾಲ್ಕು ವರ್ಷ ಅದೇ. ಆಫ್ತಾಬ್ ಆರನೇ ಕ್ಲಾಸಿನಲ್ಲಿದ್ದಾಗ ಗಂಡ ತೀರಿಕೊಂಡ ಮೇಲೂ ಅದೇ. ಶೆಡ್ಡಿಗೆ ಆಟೋಮ್ಯಾಟಿಕ್ ಮೆಷಿನ್ ಬಂದು ಅವಳು ಮನೆಯಲ್ಲಿ ಕೂತು ಮೂರು ವರ್ಷವಾಯಿತು. ಬೆರಳ ತುದಿಗಳು ಮಾತ್ರ ಇನ್ನೂ ನೀರಿನಲ್ಲೇ ಇದ್ದಂತೆ ಬಿಳಿಚಿಕೊಂಡಿವೆ. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಬೆರಳೆಂದೇ ಒಪ್ಪುವುದಿಲ್ಲ. ಪ್ರತಿ ತಿಂಗಳೂ ಆಫ್ತಾಬ್ ಹೋಗಿ ತನ್ನ ಬೆರಳು ಒತ್ತಿ ಬರಬೇಕು. ಅವನ ಬೆರಳನ್ನು ಯಂತ್ರ ಕೂಡಲೇ ಒಪ್ಪುತ್ತದೆ, ಅದೇನೂ ಹೆಮ್ಮೆಯ ವಿಷಯವಲ್ಲ.

ಅವಳು ಎಲ್ಲಿಗೂ ಹೋಗದಿದ್ದಕ್ಕೆ ಕಾರಣ ವಾಂತಿ. ರೈಲಿನಲ್ಲಿ ಪರವಾಗಿಲ್ಲ, ಬಸ್ಸು ಹತ್ತಿದರೆ ಮುಗಿಯಿತು. ಕನಕಪುರದ ಆಚೆ ಕೋಡಿಹಳ್ಳಿಯಲ್ಲಿ ಒಡಹುಟ್ಟಿದ ತಂಗಿಯಿದ್ದಾಳೆ. ಅಲ್ಲಿಗೆ ಹೋಗಿ ಹನ್ನೊಂದು ವರ್ಷ. ಆ ಸಲ ದಾರಿಯಲ್ಲಿ ಮೂರು ಕಡೆ ಬಸ್ಸು ನಿಲ್ಲಿಸಬೇಕಾಯಿತು. ನಾಲ್ಕನೆಯ ಸಲಕ್ಕೆ ಕಂಡಕ್ಟರ್, “ಅಮ್ಮಾ, ನಡ್ಕಂಡ್ ಬಂದಿದ್ರೂ ಇಷ್ಟೊತ್ಗೆ ಸೇರ್ಬುಡ್ತಿದ್ರಿ” ಅಂದ. ಬಸ್ಸೆಲ್ಲ ನಕ್ಕಿತು. ಅಮ್ಮಿ ಸೆರಗಿನಲ್ಲಿ ಬಾಯೊರೆಸಿಕೊಂಡು ತಾನೂ ನಕ್ಕಳು. ಆಮೇಲೆ ಹೋಗಲಿಲ್ಲ.

ಅವಳನ್ನು ಒಂದೇ ಒಂದು ಸಲ, ಹೊಟ್ಟೆ ತೊಳಸದಂತೆ, ಎಲ್ಲಿಗಾದರೂ ಕರೆದುಕೊಂಡು ಹೋಗಿ ಬರಬೇಕು. ಆಫ್ತಾಬನಿಗೆ ಬೇಕಾಗಿದ್ದದ್ದು ಇಷ್ಟೇ. ಫಾರಂ ಕೊಡಲು ಶನಿವಾರದವರೆಗೆ ಸಮಯವಿತ್ತು.

ಫಾರಮ್ಮಿನ ಎರಡನೇ ಪುಟದಲ್ಲಿ ಕ್ಯಾಬಿನ್ ಆರಿಸಬೇಕಿತ್ತು. ಮೇಲಿನ ಮಹಡಿಯಾದ ಒಂಬತ್ತನೇ ಡೆಕ್ಕಿನಲ್ಲಿ ಕಿಟಕಿಯಿಲ್ಲದ್ದು, ಕೆಳಗಿನ ಮೂರನೇ ಡೆಕ್ಕಿನಲ್ಲಿ ಕಿಟಕಿಯಿಲ್ಲದ್ದು. ಮೂರನೆಯದರಲ್ಲೇ ಗುಂಡು ಕಿಟಕಿ ಇದ್ದದ್ದು ಒಂದೇ ಒಂದು. ಅದನ್ನು ಮೊದಲೇ ಫಾರಂ ಕೊಟ್ಟ ಮುನಿಕೃಷ್ಣ ಹೊಡೆದುಕೊಂಡಿದ್ದ. ಅವನು ಸೋಲೂರಿನ ಕಡೆಯವನು, ಪಕ್ಕದ ಮೆಷಿನ್ನಿನ ಆಪರೇಟರ್. ಕ್ಯಾಂಟೀನಿನಲ್ಲಿ ಆಫ್ತಾಬ್ ಅವನನ್ನೇ ಕೇಳಿದ.

“ವಾಂತಿ ಮಾಡೋರ್ಗೆ ಯಾವ್ದು ಒಳ್ಳೇದ್ಲಾ? ಮೇಲಿಂದಾ, ಕೆಳಗಿಂದಾ?”

“ತೆಂಗಿನ್ ಮರ ನೋಡಿದ್ದೀಯೇನ್ಲಾ?” ಮುನಿಕೃಷ್ಣ ಮುದ್ದೆ ಮುರಿಯುತ್ತ ಕೇಳಿದ. “ಗಾಳಿ ಬಂದ್ರೆ ಮ್ಯಾಲೆ ಗರಿ ಕುಣೀತದೆ. ಬುಡ ಅಳ್ಳಾಡ್ತದಾ? ಹಡಗೂ ಅಂಗೇಯಾ. ಕೆಳಗ್ಲುದು ತಗೋ, ಅದ್ರಲ್ಲೂ ಮಧ್ಯದ್ದು.”

ಆಫ್ತಾಬ್ ಫೋನಿನಲ್ಲಿ ಹದಿನಾಲ್ಕು ವಿಡಿಯೋ ನೋಡಿದ. ಬಿಳಿ ಟೋಪಿಯ ಒಬ್ಬ ಮನುಷ್ಯ ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಹೇಳಿದ್ದೂ ತೆಂಗಿನ ಮರದ ಮಾತೇ. ಸಮುದ್ರವನ್ನು ಹತ್ತಿರದಿಂದ ಒಮ್ಮೆಯೂ ನೋಡದ ಆಫ್ತಾಬ್ ಎರಡು ದಿನದಲ್ಲಿ ಹಡಗಿನ ಪರಿಣತನಾಗಿ, ಕಾರ್ಖಾನೆಯಲ್ಲಿ ಕೇಳದವರಿಗೂ ಸಲಹೆ ಕೊಡತೊಡಗಿದ. ಮೂರನೇ ಡೆಕ್ಕು, ನಡುಭಾಗ, ಕಿಟಕಿಯಿಲ್ಲದ ಒಳಗಿನ ಕೋಣೆ. ತೀರ್ಮಾನವಾಯಿತು.

ಗುರುವಾರ ಸಂಜೆ ಅಮ್ಮಿ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳು ಕೂರುವುದೆಲ್ಲ ಬಾಗಿಲ ಬಳಿಯೇ. ಮಲಗುವಾಗಲೂ ಕದಕ್ಕೆ ಚಪ್ಪಲಿ ಸಿಕ್ಕಿಸಿ ಸಂದು ಬಿಟ್ಟೇ ಮಲಗುತ್ತಾಳೆ. ಸೆಕೆಗೆ ಎಂದು ಆಫ್ತಾಬ್ ತಿಳಿದಿದ್ದ. ತಾಯಿ ಮಗ ಮನೆಯಲ್ಲಿ ಆಡುವುದು ಉರ್ದು. ಆದರೆ ಅರ್ಧ ಜೀವನ ಶೆಡ್ಡಿನಲ್ಲಿ ಕಳೆದ ಅಮ್ಮಿಗೆ ಮಾತು ಬಿಸಿಯಾಗುತ್ತಿದ್ದಂತೆ ಕನ್ನಡವೇ ಬಾಯಿಗೆ ಬರುತ್ತದೆ.

“ಹಡಗಾ?” ಅಂದಳು. “ನನ್ಗೆ ಬಸ್ಸೇ ಆಗಾಕಿಲ್ಲ. ನೀನು ಯಾವನಾದ್ರೂ ಸ್ನೇಹಿತ್ನ ಕರ್ಕಂಡು ಹೋಗು ಬೇಟಾ.”

ಆಫ್ತಾಬ್ ಈ ಪ್ರಶ್ನೆಗೆ ತಯಾರಾಗಿದ್ದ. ತೆಂಗಿನ ಮರ ಹೇಳಿದ. ವಿಡಿಯೋ ತೋರಿಸಿದ. ಅಮ್ಮಿಯ ಕೈ ಅವರೆಕಾಯಿಯ ಮೇಲೆ ನಿಧಾನವಾಯಿತು. ಅಲ್ಲಾಡುವುದೇ ಇಲ್ಲವಾ ಅಂದಳು. ಮಗುವಿನ ತೊಟ್ಟಿಲಿನಷ್ಟೂ ಅಲ್ಲಾಡುವುದಿಲ್ಲ ಅಂದ. ಮೂರು ದಿನವಾ ಅಂದಳು. ಒಪ್ಪುವ ಹಾದಿಯಲ್ಲಿದ್ದಳು, ಅದು ಅವನಿಗೂ ಕಂಡಿತು. ಅಲ್ಲಿಗೆ ಸುಮ್ಮನಾಗಬೇಕಿತ್ತು. ಸುಮ್ಮನಾಗುವ ಬುದ್ಧಿಯಿದ್ದಿದ್ದರೆ ಅವನು ಇಷ್ಟು ಹೊತ್ತಿಗೆ ಸೂಪರ್‌ವೈಸರ್ ಆಗಿರುತ್ತಿದ್ದ.

“ಕಿಟಕಿ ಗಿಟಕಿ ಏನೂ ಇರಾಕಿಲ್ಲ ಅಮ್ಮಿ. ನಾಕ್ ಕಡೆನೂ ಬಂದ್. ಬೆಳ್ಳಗೆ, ಮೆತ್ತಗೆ. ಗೂಡೊಳಗೆ ಹುಳ ಮಲಗಿರ್ತದಲ್ಲ, ಅಂಗೆ ಆರಾಮಾಗಿ ಮಲಗ್ಬೋದು.”

ಅಮ್ಮಿ ಅವನ ಮುಖ ನೋಡಿದಳು. ಕಾಳಿನ ಬಟ್ಟಲು ಎತ್ತಿಕೊಂಡು ಎದ್ದಳು.

“ನಕ್ಕೋ, ಬ್ಯಾಡ,” ಅಂದಳು. “ನಾನು ಬರಾಕಿಲ್ಲ.”

“ಯಾಕಮ್ಮಿ? ಈಗ ತಾನೇ...”

“ಬರಾಕಿಲ್ಲ ಅಂದೆ.”

ವಾಂತಿಯ ಹೆದರಿಕೆ ಹೋಗಿಲ್ಲವೆಂದುಕೊಂಡ ಆಫ್ತಾಬ್ ಶುಕ್ರವಾರ ಮಾತ್ರೆ ಅಂಗಡಿಗೆ ಹೋಗಿ ಪ್ರಯಾಣದ ಗುಳಿಗೆ ತಂದು ಕೊಟ್ಟ. ಅದನ್ನು ಅವಳು ತೆಗೆದು ಡಬ್ಬಿಗಳ ಹಿಂದೆ ಇಟ್ಟಳು.

ಪಕ್ಕದ ಬೀದಿಯ ಮಾರಮ್ಮ ಅಮ್ಮಿಯ ಜೊತೆ ಇಪ್ಪತ್ತು ವರ್ಷ ಅದೇ ಶೆಡ್ಡಿನಲ್ಲಿ ನೂಲು ಬಿಚ್ಚಿದವಳು. ಈಗ ಸೊಪ್ಪು ಮಾರುತ್ತಾಳೆ. ಸೋತು ಸುಣ್ಣವಾದ ಆಫ್ತಾಬ್ ಅವಳ ಗಾಡಿಯ ಪಕ್ಕದಲ್ಲಿ ಕೂತು, ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದ. ಗೂಡಿನ ಮಾತು ಬರುತ್ತಲೇ ಮಾರಮ್ಮ ಕೈಯಲ್ಲಿದ್ದ ಸಬ್ಬಸಿಗೆ ಕಟ್ಟನ್ನು ಗಾಡಿಯ ಮೇಲೆ ಹಾಕಿದಳು.

“ಅಲ್ಕಣ್ಲಾ ಮಗ, ಯಾರ್ ಮುಂದೆ ಆಡ್ದೆ ಆ ಮಾತ್ನ? ಗೂಡೊಳಗಿನ ಹುಳಿನ ಗತಿ ಏನು ಅಂತ ನಿನ್ಗೆ ಗೊತ್ತಿಲ್ವಾ?”

ಆಫ್ತಾಬನಿಗೆ ಗೊತ್ತಿತ್ತು. ರಾಮನಗರದಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ನೆನಪಾಗಿರಲಿಲ್ಲ.

“ದಿನಾ ನಾವು ಒಳಗಿನ ಹುಳಿನ ಸಮೇತ ಎಷ್ಟು ಸುರುದ್ವೋ ಆ ಕುದಿಯೋ ನೀರ್ಗೆ. ನಾನಾದ್ರೆ ಕಣ್ಮುಚ್ಕಂಡ್ ಸುರುದ್ಬುಡ್ತಿದ್ದೆ. ನಿಮ್ಮಮ್ಮ ಅಂಗಲ್ಲ, ಬಿಸ್ಮಿಲ್ಲಾ ಅಂದೇ ಸುರಿಯೋಳು. ಮೊದ್ಲು ಮೊದ್ಲು ಅಳೋಳು. ಮನೇಲಿ ಕದ ಮುಚ್ಚಿದ್ರೆ ಉಸ್ರು ಕಟ್ತದೆ ಕಣೆ ಮಾರಿ ಅನ್ನೋಳು. ಮೂವತ್ತು ವರ್ಷ್ದಿಂದ ಕದ ಪೂರ್ತಿ ಹಾಕಿ ಮಲಗಿಲ್ಲ ಅವ್ಳು. ಕಿಟಕಿ ಇಲ್ದಿರೋ ಗೂಡು, ಅದ್ರ ಸುತ್ತಲೂ ನೀರು. ಭಲೇ ಹೇಳ್ದೆ ಬುಡು.”

ಆಫ್ತಾಬ್ ಸೊಪ್ಪಿನ ಮೇಲೆ ಚಿಮುಕಿಸಿದ್ದ ನೀರನ್ನೇ ನೋಡುತ್ತ ಕೂತ. ಇಪ್ಪತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದೂ ಅವನು ಸೆಕೆ ಅಂದುಕೊಂಡಿದ್ದ.

“ಸೊಪ್ಪು ತಗೊಳ್ಳಂಗಿದ್ರೆ ತಗೋ, ಇಲ್ಲಾಂದ್ರೆ ಏಳು. ಗಿರಾಕಿಗೆ ಅಡ್ಡ ಆಯ್ತೀಯ,” ಅಂದಳು ಮಾರಮ್ಮ.

ಮೇಲಿನ ಡೆಕ್ಕಾದರೆ ತೂಗಾಟ, ಕೆಳಗಿನದಾದರೆ ಗೂಡು. ಉಳಿದದ್ದು ಮುನಿಕೃಷ್ಣನ ಗುಂಡು ಕಿಟಕಿ. ಶನಿವಾರ ಬೆಳಿಗ್ಗೆ ಷಿಫ್ಟ್ ಶುರುವಾಗುವ ಮುಂಚೆ ಆಫ್ತಾಬ್ ಅವನನ್ನು ಬೈಕ್ ಸ್ಟ್ಯಾಂಡಿನಲ್ಲೇ ಹಿಡಿದ.

“ಲೇ, ನಿನ್ ಕ್ಯಾಬಿನ್ ನನ್ಗೆ ಕೊಡ್ಲಾ. ನೀನು ಮೇಲಿಂದು ತಗೋ. ಸ್ವಿಮ್ಮಿಂಗ್ ಪೂಲ್ ಪಕ್ಕದಲ್ಲೇ.”

“ಕೊಡ್ಬೋದು,” ಅಂದ ಮುನಿಕೃಷ್ಣ ಹೆಲ್ಮೆಟ್ ಒರೆಸುತ್ತ. “ಚೈತ್ರನ್ನ ಒಪ್ಪುಸ್ಬೇಕಲ್ಲಪ್ಪಾ. ಕಿಟಕಿ ಅಂದ್ರೆ ಪ್ರಾಣ ಬುಡ್ತಾಳೆ ನಮ್ಮನೆಯೋಳು. ಒಸಿ ಕಷ್ಟ ಐತೆ.”

“ಏನ್ ಬೇಕೇಳು.”

“ಮುಂದ್ಲು ಮೂರು ವಾರ ನನ್ಗೆ ಥರ್ಡ್ ಷಿಫ್ಟ್ ಬಿದ್ದೈತೆ ಕಣ್ಲಾ.”

ರಾತ್ರಿ ಪಾಳಿ, ಮೂರು ವಾರ. ಆಫ್ತಾಬ್ ಹೂಂ ಅಂದ. ನಿದ್ದೆಯ ವಿಷಯದಲ್ಲಿ ಅವನು ಯಾವತ್ತೂ ಜಾಣನಾಗಿರಲಿಲ್ಲ. ಚೈತ್ರಾ ಮೊದಲ ದಿನದಿಂದಲೂ ಈಜುಕೊಳದ ಪಕ್ಕದ ಕೋಣೆಯೇ ಬೇಕೆಂದು ಹಟ ಹಿಡಿದು, ಗುಂಡು ಕಿಟಕಿ ಹೊಡೆದುಕೊಂಡ ಗಂಡನ ಜೊತೆ ಮಾತು ಬಿಟ್ಟಿದ್ದಳೆಂಬುದು ಅವನಿಗೆ ತಿಳಿದದ್ದು ಮೂರನೇ ವಾರದ ಕೊನೆಯ ಪಾಳಿ ಮುಗಿದ ಮೇಲೆ. ತಿಳಿದಾಗ ಬಯ್ಯಲು ಬಾಯಿ ತೆರೆದ. ಬಂದದ್ದು ಆಕಳಿಕೆ.

ಆದರೆ ಆ ಶನಿವಾರ ಮಧ್ಯಾಹ್ನ ಎರಡು ಗಂಟೆ ಪರ್ಮಿಷನ್ ಕೇಳಿ ಅವನು ಮನೆಗೆ ಓಡಿದ್ದ. ಅಮ್ಮಿ ಬಾಗಿಲಲ್ಲೇ ಇದ್ದಳು. ಅವನು ಗೂಡಿನ ಮಾತಿಗೆ ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಇನ್ನೂ ಕಷ್ಟವಾಗುತ್ತಿತ್ತು. ಫೋನಿನಲ್ಲಿ ಚಿತ್ರ ತೋರಿಸಿದ.

“ಕೆಳಗಿನ ಡೆಕ್ಕೇ. ಅಲ್ಲಾಡಾಕಿಲ್ಲ. ಆದ್ರೆ ಕಿಟಕಿ ಐತೆ ನೋಡು.”

ಅವಳು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ತೆಗಿಬೋದಾ?”

“ಇಲ್ಲ ಅಮ್ಮಿ. ತೆಗೆದ್ರೆ ಸಮುದ್ರ ಒಳಗ್ ಬತ್ತದೆ.”

“ಬಾಗಿಲ ಚಿಲಕ ಯಾವ ಕಡೆ?”

“ಒಳಗಡೆ. ನಾವೇ ಹಾಕೋದು, ನಾವೇ ತೆಗಿಯೋದು.”

ಅಮ್ಮಿ ಆ ಗುಂಡು ಗಾಜನ್ನು ಬಿಳಿಚಿದ ಬೆರಳಿನಿಂದ ಒತ್ತಿದಳು. ಫೋನು ಆ ಬೆರಳನ್ನು ಒಪ್ಪಲಿಲ್ಲ, ಚಿತ್ರ ಅಲ್ಲಾಡಲಿಲ್ಲ.

“ಹೊರಗಡೆ ಕಾಣ್ತದೆ ತಾನೆ?”

“ಕಾಣ್ತದೆ.”

“ಹಂಗಾದ್ರೆ ಬರಿ,” ಅಂದಳು. “ಹೆಸರು ಸರಿಯಾಗಿ ಬರಿ. ಆಧಾರಲ್ಲಿ ಇರೋ ಹಂಗೆ.”

ಕೊನೆಯ ರಾತ್ರಿ ಪಾಳಿ ಮುಗಿದ ಬೆನ್ನಲ್ಲೇ ಹೊರಟರು, ಮುಂಬೈವರೆಗೆ ರೈಲು. ಬಂದರಿನಲ್ಲಿ ಸಾಲು, ಸಾಮಾನಿನ ತಪಾಸಣೆ, ಮತ್ತೆ ಸಾಲು. ಹಡಗಿನೊಳಗೆ ಎಲ್ಲರೂ ಲಿಫ್ಟಿನಲ್ಲಿ ಮೇಲಕ್ಕೆ ಹೋಗುತ್ತಿದ್ದರೆ ಇವರಿಬ್ಬರೇ ಕೆಳಕ್ಕೆ ಇಳಿದರು. ಕೋಣೆ ಚಿಕ್ಕದು, ಎರಡು ಹಾಸಿಗೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಗೋಡೆಯಲ್ಲಿ ಗುಂಡು ಕಿಟಕಿ, ಅದರಾಚೆ ಕೈಗೆ ಸಿಗುವಷ್ಟು ಹತ್ತಿರ ನೀರು. ಅಮ್ಮಿ ಚಪ್ಪಲಿ ಬಿಟ್ಟು ಹಾಸಿಗೆ ಹತ್ತಿ ಅದರ ಮುಂದೆ ಕೂತಳು. ನೆಲ ಗುಂಯ್ ಎಂದಿತು. ದಡ ನಿಧಾನವಾಗಿ ಹಿಂದೆ ಸರಿಯಿತು.

ಆಫ್ತಾಬ್ ಪ್ಲಾಸ್ಟಿಕ್ ಚೀಲ ಹಿಡಿದು ತಯಾರಾಗಿ ನಿಂತಿದ್ದ. “ಹೊಟ್ಟೆ ತೊಳಸ್ತಾ ಐತಾ?”

“ಇಲ್ಲ.”

“ತಲೆ ತಿರುಗ್ತಾ ಐತಾ?”

“ಇಲ್ಲ ಅಂದ್ನಲ್ಲ. ಬೆಳಕಿಗೆ ಅಡ್ಡ ನಿಲ್ಬೇಡ. ಕೂತ್ಕೋ.”

ಅವನು ಕೂತ. ಐದು ನಿಮಿಷ ಬೆನ್ನು ಚಾಚುತ್ತೇನೆ, ಆಮೇಲೆ ಮೇಲೆ ಹೋಗಿ ಎಲ್ಲ ತೋರಿಸುತ್ತೇನೆ ಎಂದ. ಶೂ ಬಿಚ್ಚಿದ್ದು ಅವನಿಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಮರುದಿನದ ಹಗಲಿತ್ತು. ಮೈಮೇಲೆ ಎರಡು ಹೊದಿಕೆ, ತಲೆಯ ಬಳಿ ಮುಚ್ಚಿಟ್ಟ ತಟ್ಟೆ. ಅಮ್ಮಿ ಬೇರೆ ಬಟ್ಟೆಯಲ್ಲಿದ್ದಳು, ಕೂತಿದ್ದದ್ದು ಮಾತ್ರ ಅಲ್ಲೇ.

“ಗೋವಾ ಯಾವಾಗ ಬತ್ತದೆ?” ಅವನು ಕೇಳಿದ.

“ಬಂದಿತ್ತು,” ಅಂದಳು ಅಮ್ಮಿ ತಿರುಗದೆ. “ಜನ ಇಳಿದ್ರು, ಹತ್ತಿದ್ರು. ನಿನ್ ಸ್ನೇಹಿತ ಬಂದು ಕದ ಬಡ್ದ. ಅವನ ಹೆಂಡ್ತಿಗೆ ಮೇಲೆ ಹುಷಾರಿಲ್ಲವಂತೆ, ನಿನ್ನೆಯಿಂದ ಒಂದೇ ಸಮ ವಾಂತಿ. ನೀನ್ ತಂದಿದ್ ಮಾತ್ರೆ ಚೀಲದಲ್ಲಿತ್ತು, ಕೊಟ್ ಕಳಿಸ್ದೆ. ಮಲಗವ್ನೆ, ಎಬ್ಬಿಸ್ಬೇಡ ಅಂದೆ.”

“ನೀನಾದ್ರೂ ಇಳಿಯೋದಲ್ವಾ ಅಮ್ಮಿ?”

“ಇಳಿದ್ ಏನ್ ಮಾಡ್ಲಿ? ಇಲ್ಲೇ ಎಲ್ಲಾ ಕಾಣ್ತಿತ್ತು.” ಅವಳು ಗಾಜಿನ ಮೇಲೆ ಉಗುರಿನಿಂದ ತಟ್ಟಿದಳು. “ಬೆಳಿಗ್ಗೆ ನೀರು ಹಸಿರಿತ್ತು, ಈಗ ನೀಲಿ ಐತೆ. ಒಂದು ಹಕ್ಕಿ ನಮ್ಮ ಜೊತೇಲೇ ಬತ್ತಾ ಇತ್ತು, ಎಷ್ಟೋ ಹೊತ್ತು. ಅದೋ, ಅಲ್ಲಿ ಮೀನ್ ಹಿಡಿಯೋ ದೋಣಿ. ಕಾಣ್ತಾ ಐತಾ? ಬಾ ಇಲ್ಲಿ.”

ಆಫ್ತಾಬ್ ಎದ್ದು, ಮಂಡಿಯೂರಿ, ಅವಳ ಭುಜದ ಹಿಂದಿನಿಂದ ಇಣುಕಿದ. ಕಿಟಕಿ ಒಂದೇ ಮುಖ ಹಿಡಿಸುವಷ್ಟಿತ್ತು. ಅಮ್ಮಿ ಜರುಗಲಿಲ್ಲ.