ನೀಲಿ ಉಗುರಿನ ಅತ್ತೆ

ಮೊನ್ನೆ ರೊಳ್ಳದಿಂದ ಬಂದಿದ್ದ ಯುವಕನೊಬ್ಬನ ಮೊಣಕಾಲು ಒತ್ತಿ ನೋಡಿ ಕೈ ತೊಳೆಯಲು ಹೋದೆ. ಬೆರಳ ತುದಿಯೆಲ್ಲ ನೀಲಿ. ಅವನದು ಹೊಸ ಜೀನ್ಸ್ ಪ್ಯಾಂಟು, ಇನ್ನೂ ನೀರು ಕಂಡಿರಲಿಲ್ಲ. ಮೂಗಿನ ಹತ್ತಿರ ತಂದರೆ ಅದೇ ವಾಸನೆ, ಗಂಜಿಯೂ ಬಣ್ಣವೂ ಕಲೆತ ಹುಳಿ ವಾಸನೆ... ಮಡಕಶಿರಾದ ಆಸ್ಪತ್ರೆಯಲ್ಲಿ ನಿಂತಿದ್ದವಳು ರಾಯದುರ್ಗದ ನಮ್ಮ ಬೀದಿಗೆ ಹೋಗಿಬಿಟ್ಟೆ.

ಅಗಳಿಯ ಹತ್ತಿರದ ಹಳ್ಳಿಯಿಂದ ಅಪ್ಪ ನಮ್ಮನ್ನು ರಾಯದುರ್ಗಕ್ಕೆ ಕರೆತಂದದ್ದು ಜೀನ್ಸ್ ಹೊಲಿಯುವ ಕೆಲಸಕ್ಕೆ. ಎದುರುಮನೆಯ ಅತ್ತೆ ನಮಗೆ ಸಂಬಂಧದಲ್ಲಿ ಏನೂ ಅಲ್ಲ. ಬಂದ ಮೊದಲ ದಿನ ಒಂದು ಬಿಂದಿಗೆ ನೀರು ಕೊಟ್ಟು ಅತ್ತೆಯಾದವರು. ಹೊಲಿದ ಪ್ಯಾಂಟುಗಳನ್ನು ತೊಡೆಯ ಮೇಲೆ ಹರಡಿಕೊಂಡು ಉಳಿದ ದಾರ ಕತ್ತರಿಸುವುದು ಅವರ ಕೆಲಸ. ಬಾಯಲ್ಲಿ ಎಲೆಅಡಿಕೆ, ಅದು ಖಾಲಿಯಾದರೆ ಮಾತು. ನಾನು ಡಾಕ್ಟರಿಕೆ ಓದಲು ಹೊರದೇಶಕ್ಕೆ ಹೊರಟಾಗ, "ಅಲ್ಲಿ ಮಂದಿ ಜೀನ್ಸ್ ಹಾಕ್ಕಂತಾರಿಲ್ಲವ್ವ?" ಎಂದು ಕೇಳಿದ್ದರು. ಹಾಕುತ್ತಾರೆ ಎಂದ ಮೇಲೆ ಆ ದೇಶದ ಬಗ್ಗೆ ಅವರಿಗೆ ನಂಬಿಕೆ ಬಂತು.

ನನ್ನದು ಎರಡು ದೇಶಗಳು ಹಂಚಿಕೊಂಡ ಓದು. ಮೊದಲ ವರ್ಷಗಳು ಹಿಮ ಬೀಳುವ ದೇಶದಲ್ಲಿ, ಆಸ್ಪತ್ರೆಯ ವರ್ಷಗಳು ಇನ್ನೊಂದರಲ್ಲಿ. ನಡುವೆ ಒಂದು ಪರೀಕ್ಷೆ. ಅದರಲ್ಲಿ ಬಿದ್ದರೆ ಎರಡನೆಯ ದೇಶ ಸೇರಿಸಿಕೊಳ್ಳುವುದಿಲ್ಲ, ಓದು ಅಲ್ಲಿಗೆ ಮುಗಿಯಿತು. ಸರಿಯಾಗಿ ಆ ಹೊತ್ತಿಗೇ ಕೊರೋನಾ ಬಂದು, ವಿಮಾನ ನಿಂತು, ನಾನು ಮನೆಯಲ್ಲಿ ಸಿಕ್ಕಿಕೊಂಡೆ. ಪರೀಕ್ಷೆ ಫೋನಿನಲ್ಲೇ ಎಂದರು. ಯಾರನ್ನಾದರೂ ಕೂರಿಸಿಕೊಂಡು, ಯಾವ ಉಪಕರಣವೂ ಇಲ್ಲದೆ, ಬರೀ ಕಣ್ಣು ಕೈಗಳಿಂದ ತಪಾಸಣೆ ಮಾಡಿ ತೋರಿಸಬೇಕು. ಅಮ್ಮನಿಗೆ ಕ್ಯಾಮೆರಾ ಎಂದರೆ ಮೈನಡುಕ. ಅತ್ತೆಯೇ ಮುಂದೆ ಬಂದರು: "ನನ್ನ ನೋಡವ್ವ. ಗುಂಡುಕಲ್ಲಿನಂಗ ಅದೀನಿ."

ಪರದೆಯ ಆಚೆ ಪರೀಕ್ಷೆ ಮಾಡುವ ಬಿಳಿಕೂದಲಿನ ಮೇಡಂ. ನಾನು ಅತ್ತೆಯ ನಾಡಿ ಹಿಡಿದಿದ್ದಾಗ ಮೇಡಂ ಮುಂದಕ್ಕೆ ಬಾಗಿ, ಉಗುರು ನೀಲಿಯಾಗಿದೆಯಲ್ಲ ಎಂದರು. ಜೀನ್ಸ್ ಬಣ್ಣ ಎಂದೆ. ಅದು ನಿನ್ನ ಊಹೆಯೋ, ನೋಡಿ ತಿಳಿದದ್ದೋ ಎಂದು ಕೇಳಿದರು. ರಕ್ತಕ್ಕೆ ಆಮ್ಲಜನಕ ಸಾಲದಿದ್ದರೂ ಉಗುರು, ತುಟಿ, ನಾಲಿಗೆ ನೀಲಿಯಾಗುತ್ತವೆ. ಆದರೆ ನಮ್ಮ ಬೀದಿಯಲ್ಲಿ ನೀಲಿ ಉಗುರನ್ನು ಯಾರು ತಾನೇ ಅನುಮಾನಿಸುತ್ತಾರೆ? ಅಷ್ಟರಲ್ಲಿ, ಅತ್ತೆ ನಮ್ಮ ಮಹಡಿ ಹತ್ತಿ ಬಂದಾಗ ಏದುಸಿರು ಬಿಟ್ಟದ್ದು ನೆನಪಾಯಿತು. ನಿಜಕ್ಕೂ ಕಾಯಿಲೆಯೇ ಆಗಿದ್ದರೆ? ಪರೀಕ್ಷೆ ಮರೆತೇಹೋಯಿತು.

ಸೋಪು ಹಾಕಿ ತೊಳೆಸಿದೆ. ವರ್ಷಗಟ್ಟಲೆ ಕೂತ ಬಣ್ಣ, ಜಗ್ಗಲಿಲ್ಲ. "ನಾಲ್ಗೆ ತೋರ್ಸಿ ಅತ್ತೆ" ಎಂದೆ. ನಾಲಿಗೆ, ತುಟಿ ಎರಡೂ ಎಲೆಅಡಿಕೆಯಿಂದ ಕೆಂಪೋ ಕೆಂಪು. ಬಾಯಿ ಕೆಂಪು, ಕೈ ನೀಲಿ. ಈ ಹೆಂಗಸಿನ ಸ್ವಂತ ಬಣ್ಣವನ್ನು ಎಲ್ಲಿ ಹುಡುಕಲಿ?

"ಕಾಲು ತೋರ್ಸಿ ಅತ್ತೆ."

ಅವರು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡರು. "ಯಾಕವ್ವ? ವಿದ್ಯೆ ಕಲಿಸೋರ ಮಕದ ಮುಂದ ಕಾಲು ಚಾಚ್ಲೇನು? ನನಗ ಪಾಪ ಬರ್ತೈತಿ. ಫೋನ್ ಬಂದ್ ಮಾಡಿ ನೀ ಒಬ್ಬಾಕಿ ನೋಡು."

ಫೋನ್ ಆರಿಸಿದರೆ ಪರೀಕ್ಷೆಯೂ ಆರಿದಂತೆ. ಏನು ಹೇಳುತ್ತಿದ್ದಾರೆ ಎಂದು ಮೇಡಂ ಕೇಳಿದರು. ಹೇಳಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ಜರುಗಿಸಿ, ಕಾಲುಚೀಲ ಕಿತ್ತು, ತಮ್ಮ ಪಾದವನ್ನೇ ಎತ್ತಿ ಕ್ಯಾಮೆರಾಕ್ಕೆ ತೋರಿಸಿಬಿಟ್ಟರು!

"ಅಯ್ಯಯ್ಯೋ, ಇಳಿಸ್ರಿ ತಾಯಿ, ಇಳಿಸ್ರಿ!" ಅತ್ತೆ ಫೋನಿನೊಳಗಿನ ಆ ಪಾದಕ್ಕೆ ಕೈಮುಗಿದರು. ಆಮೇಲೆ, ತಪ್ಪಾಯ್ತು ಎನ್ನುತ್ತಲೇ ತಮ್ಮ ಕಾಲನ್ನು ಚಾಚಿದರು.

ಕಾಲುಂಗುರದ ಪಕ್ಕದಲ್ಲಿ ಉಗುರುಗಳು ಗುಲಾಬಿ ಬಣ್ಣಕ್ಕಿದ್ದವು. ಒತ್ತಿದೆ, ಬೆಳ್ಳಗಾದವು. ಬಿಟ್ಟೆ, ಮತ್ತೆ ಗುಲಾಬಿ. ಕಾಲಿನಿಂದ ಯಾರೂ ದಾರ ಕತ್ತರಿಸುವುದಿಲ್ಲವಲ್ಲ! ಏದುಸಿರು ಮೆಟ್ಟಿಲಿನದು, ನೀಲಿ ಜೀನ್ಸಿನದು, ಅತ್ತೆ ನಿಜವಾಗಿಯೂ ಗುಂಡುಕಲ್ಲು. "ಬರೀ ಬಣ್ಣ, ಮೇಡಂ" ಎಂದೆ. ಈಗ ನೀನು ನೋಡಿ ಹೇಳಿದೆ ಎಂದರು ಅವರು. ಪಾಸಾದೆ. ಅಷ್ಟು ಹಗುರವಾದ ದಿನ ನನ್ನ ಬಾಳಿನಲ್ಲಿ ಮತ್ತೆ ಬಂದಿಲ್ಲ. ಅತ್ತೆಯಂತೂ ಹೊರದೇಶದ ಗುರುಗಳ ಪಾದದರ್ಶನದ ಕಥೆಯನ್ನು ಬೀದಿಗೆಲ್ಲ ಹಂಚಿದರು.

ಎರಡನೆಯ ದೇಶಕ್ಕೆ ಹೊರಡುವ ದಿನ ನಮಸ್ಕರಿಸಲು ಬಾಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು ನಕ್ಕರು. "ಅವತ್ತ ಹಿಡಿದ್ಯಲ್ಲ, ಸಾಕು. ಡಾಕ್ಟ್ರಾಗಿ ಬಾ, ಆಗ ನಾನ ಚಾಚ್ತೀನಿ."

ನಾನು ಡಾಕ್ಟರಾಗಿ ಬರುವ ಮೊದಲೇ ಅವರು ಹೋಗಿದ್ದರು. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ನಿದ್ದೆಯಲ್ಲೇ ಹೋದರು ಎಂದಳು ಅಮ್ಮ. ನರಳಲಿಲ್ಲವಲ್ಲ ಎಂದು ಸಮಾಧಾನವಾಯಿತು, ಅಳುವೂ ಬಂತು...

ರೊಳ್ಳದ ಆ ಯುವಕನೂ ಮೊನ್ನೆ ಕಾಲು ಹಿಂದಕ್ಕೆಳೆದುಕೊಂಡ. "ನೀವು ಮುಟ್ಬಾರ್ದು ಮೇಡಂ" ಎಂದ. ಈ ಕಡೆಯವರೆಲ್ಲ ಹೀಗೇ. ನಾನು ಬಿಡುವುದಿಲ್ಲ, ಗದರಿಸಿಯಾದರೂ ಹಿಡಿದು ನೋಡುತ್ತೇನೆ. ಅತ್ತೆ ಚಾಚುತ್ತೇನೆಂದ ಕಾಲು ಮಾತ್ರ ನನಗೆ ಸಿಗಲಿಲ್ಲ.